ಫಾರ್ಮ್ಯಾಟ್ ಮಾಡದ ರಂಗಲಕ್ಷ್ಮಮ್ಮ

ಕಲ್ಯಾಣದುರ್ಗದಲ್ಲಿ ಬೆಳಗಿನ ಐದು ಗಂಟೆ. ಏಳಕ್ಕೆ ಕರೆಂಟ್ ಹೋಗುತ್ತದೆ. ಕೊಟ್ಟೂರಪ್ಪ ಮೇಷ್ಟ್ರ ಮನೆಯ ಕಂಪ್ಯೂಟರಿನ ಮುಂದೆ, ಅದನ್ನು ರಿಪೇರಿ ಮಾಡಲು ರಾತ್ರಿ ಬಸ್ಸಿಗೇ ಬಂದ ರಂಗಲಕ್ಷ್ಮಮ್ಮ ಸೆರಗು ಬಿಗಿದು ಕೂತಿದ್ದಾರೆ. ಮೇಷ್ಟ್ರ ಹೆಂಡತಿ ಮಂಗಳಗೌರಿ ತಂದಿಟ್ಟ ಕಾಫಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಕೆಲಸ ಮುಗಿಯುವ ತನಕ ಕಾಫಿ ಮುಟ್ಟುವುದಿಲ್ಲ, ಅದು ಅವರ ಹಟ.

"ನಿಜಂ ಚೆಪ್ಪಂಡಿ, ನಿಜ ಹೇಳಿ ಮೇಷ್ಟ್ರೇ, ಕೆಡೋಕ್ಮುಂಚೆ ಏನು ಮುಟ್ಟಿದ್ರಿ?"

ಕಡತಗಳೆಲ್ಲ ಕಾಣೆಯಾದವೆಂದು ಮೂರು ದಿನದಿಂದ ವೈರಸ್ಸನ್ನು ಬೈಯುತ್ತಿದ್ದ ಮೇಷ್ಟ್ರು ನೆಲ ನೋಡುತ್ತಾರೆ. "ಪತ್ರಿಕೇಲಿ ಬಂದಿತ್ತು ಕಣಮ್ಮ. ಯಾರೂ ಕೈಯಾಡಿಸ್ಬಾರ್ದು ಅಂತ ಡ್ರೈವ್ ಎಲ್ಲಾ ಮರೆ ಮಾಡ್ಬುಟ್ಟೆ. ಆಮೇಲೆ ರಿಜಿಸ್ಟ್ರಿ ಎಡಿಟರೂ ಬಂದ್ ಮಾಡ್ಬುಟ್ಟೆ."

ಯಂತ್ರದೊಳಗಿನ ಕಟ್ಟಳೆಗಳನ್ನು ತಿದ್ದುವ ಸಾಧನವೇ ಆ ಎಡಿಟರ್. ಅದನ್ನೇ ಮುಚ್ಚಿದ್ದೆಂದರೆ ಬೀಗದ ಕೈಯನ್ನು ಒಳಗಿಟ್ಟು ಬೀರುವಿಗೆ ಬೀಗ ಹಾಕಿಕೊಂಡಂತೆ. ಊರಿನ ಕಂಪ್ಯೂಟರ್ ಅಂಗಡಿಯವನು ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಎಂದು ಕೈ ತೊಳೆದುಕೊಂಡಿದ್ದಾನೆ.

ಅಳಿಸುವುದು ಏನನ್ನು? ಮೇಷ್ಟ್ರ ತಾಯಿ ಪಂಪಮ್ಮ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವರು. ಪಿಂಚಣಿಗೆ ವಯಸ್ಸು ಬೇಕೆಂದರೆ, ಜಾತಕಕ್ಕೆ ಹೊತ್ತು ಬೇಕೆಂದರೆ ಸುತ್ತಲ ಹಳ್ಳಿಯವರು ಅವರನ್ನೇ ಕೇಳುತ್ತಿದ್ದರು. ಸೊಸೆ ಮಂಗಳಗೌರಿ ಎಂಟು ತಿಂಗಳು ಕೂತು, ಅವರು ನೆನಪಿನಿಂದ ಹೇಳಿದ ಆರುನೂರ ಹನ್ನೆರಡು ಹುಟ್ಟುಗಳನ್ನು ಟೈಪ್ ಮಾಡಿದ್ದಾರೆ. ಹೋದ ಶ್ರಾವಣದಲ್ಲಿ ಲಕ್ವ ಹೊಡೆದು ಪಂಪಮ್ಮನ ಮಾತು ನಿಂತಿದೆ. ಫ್ಲಾಪಿ ಡ್ರೈವ್ ಕೆಟ್ಟಿದ್ದರಿಂದ ಇನ್ನೊಂದು ಪ್ರತಿಯೂ ಇಲ್ಲ.

ಲೇಪಾಕ್ಷಿ ಪಕ್ಕದ ಬೇಸಾಯದ ಮನೆಯ ರಂಗಲಕ್ಷ್ಮಮ್ಮ ಹಿಂದೂಪುರದಲ್ಲಿ ಹದಿನಾರು ವರ್ಷ ಟೈಪಿಂಗ್ ಕಲಿಸಿದವರು. ಟೈಪ್‌ರೈಟರ್ ಮೂಲೆ ಸೇರಿದಾಗ ಅದರ ಜೊತೆ ತಾವೂ ಮೂಲೆ ಸೇರಲು ಒಪ್ಪಲಿಲ್ಲ. ಈಗ ದಿನಕ್ಕೆ ಎರಡು ಮೂರು ಕಂಪ್ಯೂಟರ್ ರಿಪೇರಿ, ಬಸ್ಸಿನಲ್ಲೇ ನಾಲ್ಕು ಗಂಟೆ. ಮೊದಲ ವರ್ಷ ಗೋರಂಟ್ಲದಲ್ಲಿ ಆತುರಪಟ್ಟು ಫಾರ್ಮ್ಯಾಟ್ ಮಾಡಿ, ನಾರಮ್ಮ ಎಂಬಾಕೆಯ ತೀರಿಹೋದ ಗಂಡ ಬರೆದಿಟ್ಟಿದ್ದನ್ನೆಲ್ಲ ಅಳಿಸಿಬಿಟ್ಟಿದ್ದರು. "ಆವಮ್ಮ ಬೈಲಿಲ್ಲ. ಬೈದಿದ್ರೆ ಮರ್ತೋಯ್ತಿತ್ತು ಮೇಷ್ಟ್ರೇ." ಅಂದಿನಿಂದ ಫಾರ್ಮ್ಯಾಟ್ ಮಾಡಿಲ್ಲ.

ವಿಂಡೋಸ್ ಏಳುವ ಮೊದಲೇ ಕೀ ಒತ್ತಿ ಡಾಸ್‌ನ ಕರಿ ಪರದೆಗೆ ಇಳಿಯುತ್ತಾರೆ. ನೋಟ್‌ಬುಕ್ಕಿನಲ್ಲಿ ತೆಲುಗು ಅಕ್ಷರದಲ್ಲಿ ಬರೆದುಕೊಂಡ, ಎಡಿಟರಿನ ಬೀಗ ತೆಗೆಯುವ ಐದು ಸಾಲನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ತಪ್ಪು ಎನ್ನುತ್ತದೆ ಯಂತ್ರ. ಮತ್ತೆ ಮೊದಲಿಂದ. ಮತ್ತೆ ತಪ್ಪು. ಗಂಟೆ ಆರೂ ಮುಕ್ಕಾಲು. ಮೇಷ್ಟ್ರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ರಂಗಲಕ್ಷ್ಮಮ್ಮ ಬೆರಳಿಟ್ಟು ಅಕ್ಷರ ಅಕ್ಷರ ಓದಿ, ಬಿಟ್ಟುಹೋದ ಒಂದು ಓರೆಗೆರೆಯನ್ನು ಸೇರಿಸುತ್ತಾರೆ.

ಈ ಸಲ ವಿಂಡೋಸ್ ಎದ್ದಾಗ ಎಡಿಟರ್ ತೆರೆಯುತ್ತದೆ. ಅದರಲ್ಲಿ ಮರೆ ಮಾಡಿದ ಕಟ್ಟಳೆಯನ್ನು ತೆಗೆದೊಡನೆ ಡ್ರೈವ್‌ಗಳೂ ಕಾಣುತ್ತವೆ. ಮಂಗಳಗೌರಿ ಅಳುತ್ತಲೇ ಅತ್ತೆಗೆ ಓದುತ್ತಾರೆ: "ಕಾಳಪ್ಪ. ಕೆರೆ ಕೋಡಿ ಬಿದ್ದ ಮಾರನೆ ದಿನ, ಕೋಳಿ ಕೂಗೋ ಹೊತ್ತು." ಮಂಚದ ಮೇಲೆ ಪಂಪಮ್ಮ ಹೌದೆಂದು ತಲೆಯಾಡಿಸುತ್ತಾರೆ.

ಕರೆಂಟ್ ಹೋಗುತ್ತದೆ. "ಸಂಜೆ ಕರೆಂಟ್ ಬಂದ್ಮೇಲೆ ಒಂದೊಂದೇ ಪುಸ್ತಕಕ್ಕೂ ಬರ್ಕಳಮ್ಮ" ಎಂದು ರಂಗಲಕ್ಷ್ಮಮ್ಮ ತಣ್ಣಗಾದ ಕಾಫಿಗೆ ಕೈ ಚಾಚುತ್ತಾರೆ.

"ನೀವು ಹುಟ್ಟಿದ್ದು ಯಾವತ್ತಕ್ಕಾ?" ಮಂಗಳಗೌರಿ ಕೇಳುತ್ತಾರೆ.

"ನಮ್ಮವ್ವಂಗೂ ಗೊತ್ತಿಲ್ಲ ಕಣಮ್ಮ. ನಮ್ಮೂರ ಶಾಲೆ ಮೇಷ್ಟ್ರು ಜೂನ್ ಒಂದು ಅಂತ ಬರೆದ್ಬುಟ್ರು. ಇಷ್ಟು ಜನದ್ದು ಉಳೀತಲ್ಲ, ಸಾಕು."