ಓದುವಾಗ ಬಿಟ್ಟ ಸಾಲುಗಳು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ನನ್ನ ಅಕ್ಷರ ದುಂಡಗಿದೆ. ವಿಶಾಖಪಟ್ಟಣದಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದೆ. ದಿನಾ ಕೆಲಸ ಮುಗಿದ ಮೇಲೆ ಏನೇನು ಎತ್ತಿದೆ, ಎಲ್ಲಿ ಸದ್ದು ಬಂತು ಎಂದು ನನ್ನದೇ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೆ. ಅದರಲ್ಲಿ ಸುಳ್ಳು ಬರೆಯುವಂತಿಲ್ಲ. ನಾಳೆ ಅದೇ ಕ್ರೇನಿನಲ್ಲಿ ಕೂರುವವನು ನಾನೇ ತಾನೆ.

ಹೋದ ವರ್ಷ ಕಂಟ್ರಾಕ್ಟರು ವಿಜಯವಾಡದ ಸೇತುವೆ ಕೆಲಸಕ್ಕೆ ಕಳಿಸಿದರು. ಹೆಂಡತಿ ವಿಶಾಖಪಟ್ಟಣದ ಮಧುರವಾಡದ ಮನೆಯಲ್ಲಿ, ನಾನು ಇಲ್ಲೊಂದು ರೂಮಿನಲ್ಲಿ, ಊಟ ಮೆಸ್ಸಿನಲ್ಲಿ. ಕ್ರೇನ್ ಹತ್ತಬೇಕಾದರೆ ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಈ ಸಲ ಬಿ.ಪಿ. ಜಾಸ್ತಿ, ತೂಕವೂ ಜಾಸ್ತಿ. ಆರು ವಾರ ಸಮಯ ಕೊಟ್ಟರು. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಕ್ರೇನ್ ಬಿಡಬೇಕು.

ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯ ಡಯಟೀಷಿಯನ್ ಬಳಿ ಕಳಿಸಿದರು. ನನ್ನ ಮಗಳ ವಯಸ್ಸಿನ ತೆಲುಗು ಹುಡುಗಿ. ಮೊದಲ ದಿನವೇ ಚಿಕ್ಕಪ್ಪನನ್ನು ಕರೆಯುವ ಹಾಗೆ ‘ಬಾಬಾಯ್’ ಎಂದಳು. ಉಪ್ಪಿನಕಾಯಿ, ಹಪ್ಪಳ, ಕರಿದದ್ದು ಎಲ್ಲ ಬಿಡಿ, ಅನ್ನ ಅರ್ಧ ಮಾಡಿ, ತಿಂದದ್ದನ್ನೆಲ್ಲ ಬರೆದಿಡಿ ಎಂದಳು. ತೆಲುಗು ಬರೆಯಲು ಬಾರದು ಎಂದೆ. ಕನ್ನಡದಲ್ಲೇ ಬರೆಯಿರಿ, ವಾರಕ್ಕೊಮ್ಮೆ ಬಂದು ನನಗೆ ತೆಲುಗಿನಲ್ಲಿ ಓದಿ ಹೇಳಿ ಎಂದಳು.

ಬರೆದೆ. ಮಧ್ಯಾಹ್ನ ಪಪ್ಪು ಅನ್ನ, ಅಂದರೆ ಬೇಳೆ ಅನ್ನ; ಮಾವಿನ ಉಪ್ಪಿನಕಾಯಿ ಆವಕಾಯಿ ಎರಡು ಸಲ. ಸಂಜೆ ಬರುವ ದಾರಿಯಲ್ಲಿ ಎಣ್ಣೆಯಿಂದ ಆಗಷ್ಟೇ ತೆಗೆದ, ಪುಟ್ಟ ಬೋಂಡಾದಂಥ ಪುನುಗುಲು, ಒಂದು ಪ್ಲೇಟು. ಹೆಂಡತಿ ಉಪ್ಪು ಹಾಕಿ ಒಣಗಿಸಿ ಡಬ್ಬಿಗೆ ತುಂಬಿಕೊಟ್ಟ ಬಾಳಕದ ಮೆಣಸಿನಕಾಯಿ, ಐದು. ಒಂದನ್ನೂ ಮರೆಮಾಚಲಿಲ್ಲ. ಇಡೀ ದಿನ ಬಿಸಿಲಲ್ಲಿ ಬೆಂದು, ಬೆನ್ನು ಹಿಡಿದುಕೊಂಡು ಕೆಳಗೆ ಬಂದವನಿಗೆ ಸಪ್ಪೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದರೆ ಆ ಹುಡುಗಿಯ ಮುಂದೆ ಕೂತು ಓದುವಾಗ ನಾಲಿಗೆ ತಾನಾಗಿಯೇ ಸಾಲುಗಳನ್ನು ದಾಟಿತು. ಪಪ್ಪು, ಅರ್ಧ ಅನ್ನ, ಸೊಪ್ಪಿನ ಪಲ್ಯ, ಮಜ್ಜಿಗೆ ಎಂದು ಓದಿದೆ. ಇಷ್ಟು ವರ್ಷ ದುಡಿದವನು ಮಗಳಂಥವಳ ಕೈಲಿ ಬುದ್ಧಿ ಹೇಳಿಸಿಕೊಳ್ಳುವುದೇ? ಮುಂದಿನ ವಾರಗಳಲ್ಲೂ ಹಾಗೆಯೇ ಓದಿದೆ. ಅವಳು ತಲೆದೂಗಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡಳು.

ನಾಲ್ಕನೇ ವಾರ ತೂಕ ಇದ್ದಲ್ಲೇ ಇತ್ತು, ಬಿ.ಪಿ. ಇನ್ನೂ ಏರಿತ್ತು. ಮಾತ್ರೆ ತಪ್ಪಿಸಿದಿರಾ ಎಂದು ಕೇಳಿದಳು. ತಪ್ಪಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಹಿಂದಿನ ವಾರಗಳನ್ನೆಲ್ಲ ತೆಗೆದು ನೋಡಿ, "ನೀವು ಹೇಳಿದ್ದೆಲ್ಲ ಮಾಡ್ತಿದ್ದೀರಿ ಬಾಬಾಯ್. ನಾನೇ ಎಲ್ಲೋ ತಪ್ಪಿದೀನಿ," ಎಂದಳು. ಮಾತ್ರೆ ಹೆಚ್ಚಿಸಿ, ಕಿಡ್ನಿಯನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಿಗೆ ಚೀಟಿ ಬರೆಯತೊಡಗಿದಳು.

ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದವನಲ್ಲ ನಾನು. ಪುಸ್ತಕ ತೊಡೆಯ ಮೇಲೇ ಇತ್ತು.

"ತಡಿಯಮ್ಮ. ಇನ್ನೊಂದು ಸಲ ಓದ್ತೀನಿ. ಈ ಸಲ ಪೂರ್ತಿ."

ಮೊದಲ ಪುಟದಿಂದ ಓದಿದೆ. ಕಿವಿ ಬಿಸಿಯಾಯಿತು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು. ಅವಳು ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು.

"ಇದೆಲ್ಲ ಮುಂಚೆಯಿಂದ ಅಲ್ಲೇ ಬರೆದಿತ್ತಾ?"

"ಬರೆದಿತ್ತು."

"ಬರೆಯೋವಾಗ ಇಲ್ಲದ ನಾಚಿಕೆ ಓದೋವಾಗ ಯಾಕೆ ಬಾಬಾಯ್?"

ನಾನು ಪುಸ್ತಕ ಮುಚ್ಚಿದೆ. ಅವಳು ಚೀಟಿ ಹರಿದಳು. ಎಲ್ಲವನ್ನೂ ಒಂದೇ ಏಟಿಗೆ ಬಿಡಿ ಅಂದದ್ದು ತನ್ನದೂ ತಪ್ಪು ಎಂದು, ಮೊದಲು ಬಾಳಕ ಮತ್ತು ಆವಕಾಯಿ ನಿಲ್ಲಿಸಲು, ಪುನುಗುಲು ಬುಧವಾರ ಮಾತ್ರ ತಿನ್ನಲು ಹೇಳಿದಳು.

ಉಳಿದಿದ್ದ ಎರಡು ವಾರ ಸಾಲಲಿಲ್ಲ. ಡಾಕ್ಟರು ಸರ್ಟಿಫಿಕೇಟ್ ಕೊಡಲಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಈಗ ನನ್ನ ಸೀಟಿನಲ್ಲಿ ಬೇರೆಯವನಿದ್ದಾನೆ. ನಾನು ಕೆಳಗೆ ನಿಂತು, ಕತ್ತೆತ್ತಿ, ಎತ್ತು, ಇಳಿಸು ಎಂದು ಅವನಿಗೆ ಕೈಸನ್ನೆ ಮಾಡುತ್ತೇನೆ. ಸಂಜೆಯ ಹೊತ್ತಿಗೆ ಕತ್ತೂ ನೋಯುತ್ತದೆ, ಕಾಲೂ ನೋಯುತ್ತದೆ. ತೂಕ ಎರಡು ಕಿಲೋ ಇಳಿದಿದೆ. ಇನ್ನೂ ಇಳಿಯಬೇಕು.

ಹೋದ ವಾರವೂ ಓದಿದೆ. ಬುಧವಾರ, ಪುನುಗುಲು, ಎಂಟು.

"ಎಂಟಾ?" ಎಂದಳು.

ಪ್ಲೇಟಿಗೆ ಹತ್ತು ಹಾಕುತ್ತಾರೆ, ಎರಡು ಬಿಟ್ಟೆ ಎಂದೆ.