ಕಂಬಳಿ ಕೇಳಿ ಸೇಬು ಕೊಡುವಾಕೆ

ಸೇಬಿನ ಸಸಿ ಕೇಳಿಕೊಂಡು ನರ್ಸರಿಗೆ ಯಾರೇ ಬರಲಿ, ಆಕೆಯ ಮೊದಲ ಪ್ರಶ್ನೆ ಒಂದೇ: "ನಿಮ್ಮನೇಲಿ ವರ್ಷಕ್ಕೆ ಎಷ್ಟು ದಿನ ಕಂಬಳಿ ಹೊದೀತೀರಿ?" ಮಣ್ಣು ಎಂಥದ್ದು, ನೀರು ಹೇಗೆ ಎಂಬುದೆಲ್ಲ ಆಮೇಲೆ. ಹೀಗಾಗಿ ಊರೆಲ್ಲ ಆಕೆಯನ್ನು ಕಂಬಳಿಯಮ್ಮ ಎಂದೇ ಕರೆಯುತ್ತಿತ್ತು. ಸೇಬು ಚಳಿಗಾಲದಲ್ಲಿ ನಿದ್ದೆ ಹೋಗುವ ಮರ. ಬೇಕಾದಷ್ಟು ಚಳಿ ಸಿಗದಿದ್ದರೆ ಅದರ ಮೊಗ್ಗು ಸರಿಯಾಗಿ ಕಣ್ಣು ಬಿಡುವುದಿಲ್ಲ. ಹಣ್ಣಿನ ಆಸೆ ಬಿಟ್ಟಂತೆಯೇ. ಸೆಕೆಯ ಊರಿಗೆ ಅಲ್ಪಸ್ವಲ್ಪ ಚಳಿಯಲ್ಲೇ ಹೂ ಬಿಡುವ ತಳಿಯೇ ಆಗಬೇಕು. ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಆಯ್ಕೆ ಒಮ್ಮೆಯೂ ಹುಸಿಯಾಗಿರಲಿಲ್ಲ. "ಹಣ್ಣು ಬಿಟ್ಟಾಗ ಯಾರು ಆರಿಸಿದ್ದು ಅಂತ ಕೇಳಿದ್ರೆ ನನ್ನ ಹೆಸರೇ ಹೇಳ್ಬೇಕು," ಎಂದು ತಾಕೀತು ಮಾಡಿಯೇ ಗಿರಾಕಿಗಳನ್ನು ಕಳಿಸುತ್ತಿದ್ದಳು.

ಅಂಥವಳನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದು ಸ್ವಂತ ಬೀಗಿತ್ತಿ. ಮಗಳ ಮದುವೆಯಾಗಿ ಆಗಿನ್ನೂ ಎಂಟು ತಿಂಗಳು. ತಮ್ಮ ಬಡಾವಣೆಯ ತಂಪಿನ ಬಗ್ಗೆ ಬಲು ಜಂಬದ ಆ ಹೆಂಗಸು ಸೊಸೆಯ ಜೊತೆ ಬಂದವರೇ, ಗೋಡೆಯ ಚಿತ್ರದಲ್ಲಿದ್ದ ಕಡುಗೆಂಪು ಸೇಬಿನ ಮೇಲೆ ಬೆರಳಿಟ್ಟರು. ಅದು ಬೆಟ್ಟದೂರುಗಳಿಗೆಂದೇ ತರಿಸಿದ ತಳಿ.

"ಎಷ್ಟು ದಿನ ಕಂಬಳಿ, ಬೀಗರೇ?"

"ನಾಲ್ಕು ತಿಂಗಳು, ಅದೂ ಎರಡೆರಡು!"

ಕಂಬಳಿಯಮ್ಮನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು. ನಡು ಚಳಿಗಾಲದಲ್ಲೂ ಆ ಮನೆಯಲ್ಲಿ ಫ್ಯಾನ್ ತಿರುಗುವುದನ್ನು ಆಕೆಯೇ ನೋಡಿದ್ದಳು. ಕೇಳಿದ್ದನ್ನು ಕೊಟ್ಟರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಅದು ಸುಳ್ಳು ಎಂದುಬಿಟ್ಟರೆ, ಮಗಳು ಬಾಳಬೇಕಾದದ್ದು ಅದೇ ಮನೆಯಲ್ಲಿ. ಕೊನೆಗೆ ಆ ಸಸಿಯತ್ತಲೇ ಕೈ ಚಾಚಿದಳು.

"ಅಮ್ಮ, ಅದನ್ನ ತೆಗೀಬೇಡ," ಎಂದಳು ಮಗಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಮದುವೇಲಿ ಬಂದ ಕಂಬಳಿ ಮಡಚಿದ ಹಾಗೇ ಬೀರುವಿನಲ್ಲಿದೆ. ಚಳಿಗಾಲ ಪೂರ್ತಿ ಫ್ಯಾನ್ ಹಾಕ್ಕೊಂಡೇ ಮಲಗಿದ್ವಲ್ಲ."

ಬೀಗಿತ್ತಿಯ ಮುಖ ಕೆಂಪೇರಿತು. ಮಗಳು ಅಷ್ಟಕ್ಕೇ ನಿಲ್ಲಲಿಲ್ಲ. ಸಾಲಿಗೆ ಹೋಗಿ, ಕಸಿಯ ಗಂಟು ಒತ್ತಿ ನೋಡಿ, ಕಡಿಮೆ ಚಳಿ ಸಾಕಾಗುವ ಎರಡು ಬೇರೆ ಬೇರೆ ತಳಿಯ ಸಸಿ ಎತ್ತಿಕೊಂಡಳು. "ಒಂದೇ ಇದ್ರೆ ಕಾಯಿ ಕಟ್ಟಲ್ಲ ಅತ್ತೆ, ಜೋಡಿ ಇರ್ಬೇಕು." ಅತ್ತೆ ಹೋಗಿ ಆಟೋ ಹತ್ತಿದರು. ಕಂಬಳಿಯಮ್ಮ ಗೇಟಿನವರೆಗೆ ಬಂದು ನೋಡುತ್ತ ನಿಂತಳು, ಅರ್ಧ ಭಯದಲ್ಲಿ, ಅರ್ಧ ಹೆಮ್ಮೆಯಲ್ಲಿ.

ಮೂರನೆಯ ವರ್ಷ ಬೀಗಿತ್ತಿ ಮತ್ತೆ ಬಂದರು. ಕೈಯಲ್ಲಿ ಬುಟ್ಟಿ, ಹಿಂದೆ ಅಕ್ಕಪಕ್ಕದ ಮನೆಯ ನಾಲ್ಕು ಹೆಂಗಸರು. ಬುಟ್ಟಿಯ ತುಂಬ ಸಣ್ಣ ಸೇಬು. ಹಳದಿ ಮೈ, ಒಂದು ಕೆನ್ನೆಗೆ ಮಾತ್ರ ಕೆಂಪು.

"ನೀವೇ ಅಲ್ವಾ ಇದನ್ನ ಆರಿಸಿ ಕೊಟ್ಟಿದ್ದು?" ಎಂದು ಅವರಲ್ಲೊಬ್ಬಳು ಕೇಳಿದಳು.

ಕಂಬಳಿಯಮ್ಮ ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿ ಅಡ್ಡ ಬಂದರು. "ಇವ್ರೆಲ್ಲಿ! ನನ್ನ ಜಂಬಕ್ಕೆ ಹೆದರಿ ತಪ್ಪು ಗಿಡಕ್ಕೆ ಕೈ ಹಾಕಿದ್ರು. ಆರಿಸಿದ್ದು ನಮ್ಮ ಸೊಸೆ!"

ಆಕೆಯ ಅಂಗಡಿಯಲ್ಲೇ ನಿಂತು ಹಾಗೆ ಹೇಳುವ ಧೈರ್ಯ ಅಷ್ಟು ವರ್ಷದಲ್ಲಿ ಯಾರಿಗೂ ಇರಲಿಲ್ಲ. ಕಂಬಳಿಯಮ್ಮ ಒಂದು ಹಣ್ಣು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು, ಆಮೇಲೆ ಅದೇ ಸೆರಗಿನಲ್ಲಿ ಕಣ್ಣನ್ನೂ.

"ಹೌದು ಕಣ್ರಮ್ಮಾ," ಎಂದಳು. "ಅವಳೇ ಆರಿಸಿದ್ದು."