ಬೂದಿ ಬಿದ್ದ ದ್ವೀಪದ ಬಸುರಿಯರು

ಸರ್ಕಾರಿ ಸೂಲಗಿತ್ತಿಯಾಗಿ ಹಳೇಕೋಟೆಗೆ ಹೋದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿದ್ದು ಕೊರವಂಗಲದ ಕೇರಿಯಲ್ಲಿ, ಕೆಲಸ ಕಲಿತದ್ದು ಹಾಸನದ ಆಸ್ಪತ್ರೆಯಲ್ಲಿ. ಊರಿನವರೆಲ್ಲ ನನ್ನನ್ನು ನರ್ಸಮ್ಮ ಎಂದೇ ಕರೆಯುತ್ತಿದ್ದರು. ಬೇನೆ ಎದ್ದ ಹೊತ್ತಿನಲ್ಲಿ ಯಾರೂ ನಾನು ಯಾವ ಕೇರಿಯವಳೆಂದು ಕೇಳುತ್ತಿರಲಿಲ್ಲ. ಕೂಸಿಗೆ ಹೆಸರಿಡುವ ದಿನ ಕೇಳುತ್ತಿದ್ದರು. ಇದಕ್ಕೆ ಸಿಟ್ಟಾಗುವುದನ್ನು ನಾನು ಆಗಲೇ ಬಿಟ್ಟಿದ್ದೆ ಅಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ಅದು ಎಲ್ಲೋ ಒಳಗೆ ಕೆಂಡದ ಹಾಗೆ ಇದ್ದಿರಬೇಕು, ಇನ್ನೊಂದು ದಾರಿಯಿಂದ ಹೊರಗೆ ಬಂತು.

ನನ್ನ ಹೆರಿಗೆ ಕೇಂದ್ರದ ಎದುರು ಮನೆಯಲ್ಲಿ ಒಬ್ಬರು ಮುದುಕರಿದ್ದರು. ಶೈವರು, ವ್ಯಾಪಾರಸ್ಥರ ಮನೆತನ. ಆದರೆ ಇವರು ಅಂಗಡಿ ಬಿಟ್ಟು ಹಾಸನದ ವಕೀಲರೊಬ್ಬರ ಬಳಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ಊರಿಗೆ ಮರಳಿದವರು. ಅವರಿಗೆ ಬಸ್ಸಿನಲ್ಲಿ ಒಂದು ದಿನ ತಡವಾಗಿ ಪೇಪರು ಬರುತ್ತಿತ್ತು. ಕಣ್ಣು ಮಂಜಾದ್ದರಿಂದ ನಾನು ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದೆ. ಅವರು ನನಗೆ ತಮ್ಮ ಮನೆಯ ಲೋಟದಲ್ಲೇ ಕಾಫಿ ಕೊಡುತ್ತಿದ್ದರು. ಅದನ್ನು ಊರು ನೋಡಲಿ ಎಂದೇ ಜಗಲಿಯ ಮೇಲೆ ಕೊಡುತ್ತಿದ್ದರೇನೋ.

ಐವತ್ತರ ದಶಕದ ನಡುವೆ, ಒಂದು ಬೇಸಿಗೆ, ಆ ಸುದ್ದಿ ಓದಿದೆ. ಅಮೆರಿಕದವರು ಯಾವುದೋ ದೂರದ ಸಮುದ್ರದ ಪುಟ್ಟ ದ್ವೀಪಗಳಲ್ಲಿ ಜಲಜನಕ ಬಾಂಬನ್ನು ಸಿಡಿಸಿ ಪರೀಕ್ಷೆ ಮಾಡಿದ್ದರು. ಅದರ ಬೂದಿ ಗಾಳಿಗೆ ಹಾರಿ ಮೀನು ಹಿಡಿಯುತ್ತಿದ್ದ ಜಪಾನಿನವರ ದೋಣಿಯ ಮೇಲೆ, ಪಕ್ಕದ ದ್ವೀಪಗಳ ಜನರ ಮೇಲೆ ಸುಣ್ಣದ ಪುಡಿಯಂತೆ ಬಿತ್ತು. ಜನರ ಮೈ ಸುಟ್ಟಿತು, ಕೂದಲು ಉದುರಿತು. ಅದು ಏನೆಂದು ತಿಳಿಯದ ಮಕ್ಕಳು ಅದರಲ್ಲೇ ಆಡಿದ್ದರಂತೆ.

ಓದುತ್ತ ಓದುತ್ತ ನನಗೆ ಬಂದ ಮೊದಲ ಯೋಚನೆ ಒಂದೇ. ಅಲ್ಲಿ ಬಸುರಿಯರು ಎಷ್ಟು ಜನ ಇದ್ದರು? ಸೂಲಗಿತ್ತಿಗೆ ಬೇರೆ ಯೋಚನೆ ಬರುವುದಿಲ್ಲ. ಪೇಪರಿನಲ್ಲಿ ಅದನ್ನು ಬರೆದಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಆ ದ್ವೀಪದವರು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟ ಸುದ್ದಿ ಬಂತು. ನಮ್ಮನ್ನು ನಮ್ಮ ದ್ವೀಪಗಳಿಂದಲೇ ಎತ್ತಂಗಡಿ ಮಾಡಿದ್ದಾರೆ, ಈ ಪರೀಕ್ಷೆ ನಿಲ್ಲಿಸಿ ಎಂದು ಬೇಡಿಕೊಂಡಿದ್ದರು. ನನಗೆ ಸಮಾಧಾನವಾಯಿತು. ಗುಮಾಸ್ತರು ಮಾತ್ರ ನಶ್ಯದ ಡಬ್ಬಿ ತಟ್ಟುತ್ತ ತಲೆ ಅಲ್ಲಾಡಿಸಿದರು.

"ಯಾಕೆ ಯಜಮಾನ್ರೇ, ನ್ಯಾಯ ಸಿಗಾಕಿಲ್ವಾ?" ಎಂದೆ.

"ಆ ದ್ವೀಪಗಳ ಉಸ್ತುವಾರಿ ವಿಶ್ವಸಂಸ್ಥೆಯೋರು ಯಾರ ಕೈಲಿ ಕೊಟ್ಟವ್ರೆ, ಗೊತ್ತೇನವ್ವ? ಅಮೆರಿಕದೋರ ಕೈಲೇ. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ದೂರು ಕೊಟ್ಟೀಯೆ?"

"ದೇಶ ದೇಶಗಳ ಮೇಲೆ ಒಂದು ದೊಡ್ಡ ಕೋರ್ಟು ಅದೆ ಅಂತ ನೀವೇ ಏಳಿದ್ರಲ್ಲ?"

"ಅದೆ. ಆದ್ರೆ ಅಲ್ಲಿ ಪ್ರತಿವಾದಿ ಒಪ್ಪಿದ್ರೆ ಮಾತ್ರ ಕೇಸು ನಡೀತದೆ."

ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡು ಮತ್ತೊಮ್ಮೆ ಕೇಳಿದೆ. ಅವರು ಮತ್ತೆ ಅದನ್ನೇ ಹೇಳಿದರು. ನನಗೆ ಕೊರವಂಗಲದ ಪಂಚಾಯ್ತಿ ಕಟ್ಟೆ ಕಣ್ಣಿಗೆ ಬಂತು. ನಮ್ಮಪ್ಪನ ಎರಡು ಕುರಿಗಳನ್ನು ದೊಡ್ಡ ಮನೆಯವರೊಬ್ಬರು ಹೊಡೆದುಕೊಂಡು ಹೋಗಿದ್ದರು. ನಮ್ಮಪ್ಪ ಮೂರು ಸೋಮವಾರ ಹೋಗಿ ಕಟ್ಟೆಯ ಕೆಳಗೆ ನಿಂತ. ಆ ಮನೆಯವರು ಬರಲಿಲ್ಲ. ಅವರು ಬರದೆ ಹೇಗೆ ವಿಚಾರಿಸೋದು ಎಂದರು ಪಂಚರು. ನಾಲ್ಕನೇ ಸೋಮವಾರ ನಮ್ಮಪ್ಪ ಹೋಗಲಿಲ್ಲ. ಲೋಕಕ್ಕೆಲ್ಲ ದೊಡ್ಡದಾದ ಕೋರ್ಟೂ ಇದೇ ಕಟ್ಟೆ ಎಂದು ತಿಳಿದ ದಿನ ನಾನು ಕಾಫಿ ಕುಡಿಯದೆ ಎದ್ದು ಬಂದೆ. ಪರೀಕ್ಷೆಗಳು ನಿಲ್ಲಲಿಲ್ಲ.

ಇದಾಗಿ ಮೂರೋ ನಾಲ್ಕೋ ವರ್ಷಕ್ಕೆ ನಮ್ಮ ಕೇಂದ್ರಕ್ಕೆ ಅಮೆರಿಕದ ಹಾಲಿನ ಪುಡಿ ಬರತೊಡಗಿತು. ರಟ್ಟಿನ ದೊಡ್ಡ ಡ್ರಮ್ಮುಗಳು. ಹಂಡೆಯಲ್ಲಿ ನೀರು ಕಾಯಿಸಿ, ಪುಡಿ ಗಂಟು ಕಟ್ಟದ ಹಾಗೆ ಕಲಸಿ, ಬಾಣಂತಿಯರಿಗೂ ಮಕ್ಕಳಿಗೂ ನಾನೇ ಅಳೆದು ಕೊಡಬೇಕು. ಸುಳ್ಳು ಹೇಳುವುದಿಲ್ಲ, ಆ ಹಾಲಿನಿಂದ ಕೂಸುಗಳು ಉಳಿದವು. ಕೇರಿಯ ಒಬ್ಬ ಹೆಂಗಸಿಗೆ ಅವಳಿ ಹುಟ್ಟಿ ಎದೆ ಹಾಲು ಬತ್ತಿತ್ತು. ಎರಡು ಕೂಸುಗಳೂ ಇಲಿಮರಿಗಳ ಹಾಗಿದ್ದವು. ಅವು ಆರು ತಿಂಗಳಲ್ಲಿ ಕೆನ್ನೆ ತುಂಬಿಕೊಂಡು ನಗುತ್ತಿದ್ದವು. ಹಂಡೆಗೆ ಸುರಿಯುವಾಗ ಆ ಬಿಳಿ ಪುಡಿ ನನ್ನ ತೋಳಿನ ಮೇಲೆ ಹಾರಿ ಕೂರುತ್ತಿತ್ತು. ಪ್ರತಿ ಸಲ ನನಗೆ ಆ ಬೂದಿ ನೆನಪಾಗುತ್ತಿತ್ತು. ಒಂದೇ ದೇಶ. ಒಂದು ಕೈಯಲ್ಲಿ ಇದು, ಇನ್ನೊಂದು ಕೈಯಲ್ಲಿ ಅದು.

ಒಂದು ದಿನ ಬ್ಲಾಕ್ ಆಫೀಸಿನ ಅಧಿಕಾರಿ ಹೊಳೆನರಸೀಪುರದಿಂದ ಜೀಪಿನಲ್ಲಿ ಬಂದರು. ಹಾಲು ಕಳಿಸುವ ದೇಶದ ದೊಡ್ಡ ಮನುಷ್ಯರೊಬ್ಬರು ಮುಂದಿನ ವಾರ ನೋಡಲು ಬರುತ್ತಾರೆ, ಗೋಡೆಗೆ ಸುಣ್ಣ ಹೊಡೆಸಿ, ತೂಕ ಚೆನ್ನಾಗಿರುವ ಮಕ್ಕಳನ್ನು ಮುಂದೆ ಕೂರಿಸಿ ಎಂದು ಹೇಳಿ ಹೋದರು. ಮೈಸೂರಿನಲ್ಲಿ ಓದಿದ, ಮೆತ್ತಗೆ ಮಾತಾಡುವ ಮನುಷ್ಯ. ಕೆಟ್ಟವರಲ್ಲ.

ಬಂದ ಅಮೆರಿಕದ ಸಾಹೇಬರೂ ಕೆಟ್ಟವರಂತೆ ಕಾಣಲಿಲ್ಲ. ಅದೇ ಕಷ್ಟ. ಎತ್ತರದ ಆಳು, ಬಿಸಿಲಿಗೆ ಮುಖ ಟೊಮೇಟೊ ಹಣ್ಣಿನಂತಾಗಿತ್ತು. ಅವಳಿ ಮಕ್ಕಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವುಗಳ ಬೆರಳು ಹಿಡಿದು ಆಡಿಸಿದರು. ಆಮೇಲೆ ಎದ್ದು ನನ್ನ ಕಡೆ ತಿರುಗಿ ಏನೋ ಕೇಳಿದರು. "ಹಾಲಿಂದ ಉಪಯೋಗ ಆಗಿದೆಯಾ ಅಂತ ಕೇಳ್ತಿದಾರಮ್ಮ, ಹೇಳಿ" ಎಂದರು ಅಧಿಕಾರಿ.

"ಆಗ್ಯದೆ ಸಾ. ಕೂಸುಗಳು ಉಳ್ಕಂಡವೆ," ಎಂದೆ. ಅಧಿಕಾರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನಾನು ನಿಲ್ಲಿಸಲಿಲ್ಲ. "ಅವರನ್ನ ಒಂದು ಮಾತು ಕೇಳಿ ಸಾ. ಅವರ ಬಾಂಬಿನ ಬೂದಿ ಬಿತ್ತಲ್ಲ, ಆ ದ್ವೀಪದಲ್ಲಿ ಬಸುರಿಯರು ಇದ್ರಲ್ಲ, ಅವರಿಗೆ ಏನಾಯ್ತು? ಅವರ ಕೂಸುಗಳು ಎಂಗವೆ? ಆ ಕೆಲ್ಸ ಮಾಡ್ದೋರನ್ನ ಯಾವ ಕೋರ್ಟಿನ ಮುಂದೆ ನಿಲ್ಲಿಸಿದ್ರು?"

ಅಧಿಕಾರಿಯ ಮುಖ ಒಂದು ಗಳಿಗೆ ಕಲ್ಲಾಯಿತು. ಆಮೇಲೆ ಅವರು ನಗುತ್ತ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಸಾಹೇಬರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದರು. ಅವರ ಕಣ್ಣು ತೇವವಾಗಿತ್ತು.

ಆಸ್ಪತ್ರೆಯಲ್ಲಿ ಕಲಿತ ಇಂಗ್ಲಿಷು ನನಗೆ ನಾಡಿ, ತೂಕ, ಜ್ವರ ಬರೆಯುವಷ್ಟು ಮಾತ್ರ ಬರುತ್ತಿತ್ತು. ಆದರೂ ಅಧಿಕಾರಿಯ ಬಾಯಲ್ಲಿ 'ಥ್ಯಾಂಕ್' ಎಂಬ ಮಾತು ಎರಡು ಸಲ ಬಂದದ್ದು ಕೇಳಿಸಿತು. ಬಾಂಬ್ ಎಂಬ ಮಾತು ಬರಲೇ ಇಲ್ಲ. ನನ್ನ ಪ್ರಶ್ನೆಯನ್ನು ಈ ಮನುಷ್ಯ ಕೃತಜ್ಞತೆ ಮಾಡಿ ಕೊಟ್ಟಿದ್ದಾರೆ ಎಂದು ತಿಳಿಯಿತು.

ನಾನು ಒಂದು ಹೆಜ್ಜೆ ಮುಂದೆ ಹೋಗಿ ಬಂದ ಇಂಗ್ಲಿಷಿನಲ್ಲೇ ಹೇಳಿದೆ. "ನೋ ಥ್ಯಾಂಕ್. ಬಾಂಬ್. ಐಲ್ಯಾಂಡ್. ಮದರ್, ಬೇಬಿ. ವಾಟ್ ಹ್ಯಾಪನ್?"

ಸಾಹೇಬರ ನಗು ಮೆಲ್ಲಗೆ ಮಾಯವಾಯಿತು. ಅರ್ಥವಾಗಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ತಲೆ ತಗ್ಗಿಸಿ "ಐ ಡೋಂಟ್ ನೋ" ಎಂದರು, ಮತ್ತೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಧಿಕಾರಿ ಅವರ ತೋಳು ಹಿಡಿದು ಹೊಸದಾಗಿ ತೋಡಿದ ಬಾವಿ ತೋರಿಸಲು ಕರೆದುಕೊಂಡು ಹೋದರು. ಹೋಗುವಾಗ ಕೂಡಿದ್ದ ಜನರ ಕಡೆ ತಿರುಗಿ, "ಸಾಹೇಬರಿಗೆ ನಿಮ್ಮನ್ನೆಲ್ಲ ನೋಡಿ ಬಹಳ ಸಂತೋಷ ಆಯ್ತಂತೆ" ಎಂದರು. ಜನ ಚಪ್ಪಾಳೆ ತಟ್ಟಿದರು.

ಹತ್ತು ದಿನಕ್ಕೆ ನನಗೆ ಕಾಗದ ಬಂತು. ಅತಿಥಿಗೆ ಅಗೌರವ ತೋರಿದ್ದಕ್ಕೂ ಸರ್ಕಾರಿ ನೌಕರಳಾಗಿ ರಾಜಕೀಯ ಮಾತಾಡಿದ್ದಕ್ಕೂ ಸಮಜಾಯಿಷಿ ಕೊಡಬೇಕು ಎಂದು. ಗುಮಾಸ್ತರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿಕೊಂಡು, ತಪ್ಪಾಯಿತೆಂಬಂತೆ ಕಂಡು ತಪ್ಪೊಪ್ಪಿಕೊಳ್ಳದ ಒಂದು ಒಕ್ಕಣೆ ಹೇಳಿಕೊಟ್ಟರು. ಮೂವತ್ತು ವರ್ಷದ ಅನುಭವ ಅದರಲ್ಲಿತ್ತು. ನಾನು ಬರೆದುಕೊಂಡು, ಹರಿದು ಹಾಕಿದೆ.

"ಕೆಲ್ಸ ಕಳ್ಕಂತೀಯೆ ಕಣವ್ವ," ಎಂದರು.

"ಆ ದ್ವೀಪದೋರು ಊರೇ ಕಳ್ಕಂಡವ್ರೆ."

"ಅವರು ಎಲ್ಲಿಯೋರು, ನೀನು ಎಲ್ಲಿಯೋಳು?"

"ಊರಾಚೆ ಇರೋರೇ ಅಲ್ವಾ ಯಜಮಾನ್ರೇ, ಇಬ್ರೂವೆ."

ನಾನು ನನ್ನ ಸಮಜಾಯಿಷಿಯನ್ನು ಎರಡು ಸಾಲಿನಲ್ಲಿ ಬರೆದೆ. ಬಸುರಿಯರ ಕ್ಷೇಮ ವಿಚಾರಿಸುವುದು ನನ್ನ ಕೆಲಸ, ಅದನ್ನೇ ಮಾಡಿದ್ದೇನೆ. ನನ್ನ ಪ್ರಶ್ನೆಯನ್ನು ಬದಲಾಯಿಸಿ ಹೇಳಿದವರಿಂದಲೂ ಸಮಜಾಯಿಷಿ ಕೇಳಬೇಕು.

ನಿಜವಾಗಿ ನನ್ನನ್ನು ಚುಚ್ಚಿದ್ದು ಆ ಕಾಗದವಲ್ಲ. ಸಾಹೇಬರು ಬಂದುಹೋದ ಮಾರನೆಯ ದಿನವೇ ಅವಳಿ ಮಕ್ಕಳ ತಾಯಿ ಬಂದು ಬಾಗಿಲಲ್ಲಿ ನಿಂತಳು. "ನಿಮ್ಗೇನವ್ವ, ಸಂಬಳ ಅದೆ. ನೀವು ಅವರನ್ನ ಅಂಗಂದು ಆಲು ನಿಂತೋದ್ರೆ ನನ್ ಕೂಸುಗಳಿಗೆ ಯಾರು ಕುಡಿಸ್ತಾರೆ? ಕೊಟ್ಟೋರ ಕೈ ಕಚ್ಚಬಾರ್ದು ಕಣವ್ವ," ಎಂದಳು. ಒಂದು ಕೂಸು ಸೊಂಟದಲ್ಲಿ, ಇನ್ನೊಂದು ಹೆಗಲಲ್ಲಿ. ನಾನು ಅವಳ ಪಾತ್ರೆಗೆ ಹಾಲು ತುಂಬಿಸಿ ಕೊಟ್ಟೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೂಸಿನ ಹಸಿವನ್ನು ತಾಯಿಯ ಬಾಯಿಗೆ ಬೀಗ ಮಾಡುವ ಈ ಏರ್ಪಾಟಿನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮೇಲೆ ನಿಂತು ಸುರಿದದ್ದನ್ನು ಬೊಗಸೆಯೊಡ್ಡಿ ಕುಡಿದ ಜನ ನಾವು. ಕುಡಿದು ಮುಗಿಯುವವರೆಗೂ ತಲೆ ಎತ್ತಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಲು ನಿಲ್ಲಲಿಲ್ಲ. ನಿಂತದ್ದು ನಾನು. ಅರಕಲಗೂಡು ತಾಲ್ಲೂಕಿನ, ಬಸ್ಸು ಹೋಗದ ಒಂದು ಊರಿಗೆ ವರ್ಗ ಮಾಡಿದರು. ಅಲ್ಲಿಗೆ ಹೋದ ಮೇಲೆ ಗುಮಾಸ್ತರು ಪೇಪರಿನ ತುಂಡುಗಳನ್ನು ಕತ್ತರಿಸಿ ಲಕೋಟೆಯಲ್ಲಿ ಕಳಿಸುತ್ತಿದ್ದರು. ಒಂದು ವರ್ಷವಾದ ಮೇಲೆ ಅವೂ ನಿಂತವು. ತೀರಿಕೊಂಡ ಸುದ್ದಿ ನನಗೆ ತಿಥಿ ಕಳೆದ ಮೇಲೆ ತಲುಪಿತು.

ಆ ಅಧಿಕಾರಿಯನ್ನು ಮತ್ತೆ ಕಂಡದ್ದು ಅರವತ್ತರ ದಶಕದ ನಡುವೆ, ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ. ರೇಷನ್ನಿನಲ್ಲಿ ಅಮೆರಿಕದ ಗೋಧಿ ಕೊಡುತ್ತಿದ್ದ ಕಾಲ. ರಾಗಿ ಮುದ್ದೆ ಉಣ್ಣುವ ಜನ ಆ ಗೋಧಿಯನ್ನು ಏನು ಮಾಡುವುದೆಂದು ತಿಳಿಯದೆ ನುಚ್ಚು ಒಡೆಸುತ್ತಿದ್ದರು. ವಿಯೆಟ್ನಾಮಿನ ಮೇಲೆ ಬಾಂಬು ಹಾಕಬೇಡಿ ಎಂದು ದೆಹಲಿಯವರು ಹೇಳಿದ್ದಕ್ಕೆ ಅಮೆರಿಕದವರು ಗೋಧಿಯ ಹಡಗುಗಳನ್ನು ತಡೆತಡೆದು ಕಳಿಸುತ್ತಿದ್ದಾರೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅಧಿಕಾರಿಗೆ ನಿವೃತ್ತಿಯಾಗಿತ್ತು, ತಲೆ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು ಬಂದು ಬೆಂಚಿನ ಮೇಲೆ ಕೂತರು.

"ನೋಡಿದ್ಯೇನಮ್ಮ, ಅವತ್ತು ನೀನು ಮಾಡಿದ್ದನ್ನ ಈಗ ದೆಹಲಿಯವರು ಮಾಡಿದಾರೆ. ಹಡಗು ತಡ ಆಗ್ತಿದೆ. ಅವತ್ತು ನಾನು ಮಾತು ತಿರುಗಿಸಿದ್ದಕ್ಕೆ ನಿನ್ನ ಮಕ್ಕಳಿಗೆ ಹಾಲು ನಿಲ್ಲಲಿಲ್ಲ," ಎಂದರು. ಜಂಬದಿಂದ ಹೇಳಲಿಲ್ಲ. ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತು ಎಂದು ಕಂಡಿತು.

"ಅವತ್ತು ಅವರಿಗೆ ಏನಂತ ಏಳಿದ್ರಿ ಸಾ?"

"ನಿಮ್ಮ ದೇಶದ ತಾಯಂದಿರನ್ನ ದೇವರು ಚೆನ್ನಾಗಿಟ್ಟಿರಲಿ ಅಂತ ಈಕೆ ಹರಸ್ತಿದಾಳೆ ಅಂದೆ."

ನಾನು ಅವರ ಕಡೆ ತಿರುಗಿ ಕೂತೆ. ಆಮೇಲೆ ಕೇಳಿದೆ. "ನಾನು ಹರಸ್ದೆ ಅಂತ ಅವರು ಕಣ್ಣೀರು ಹಾಕಿದ್ರು. ಒಳ್ಳೇ ಮನುಷ್ಯ. ನನ್ನ ಪ್ರಶ್ನೆ ಪೂರ್ತಿ ಅವರ ಕಿವಿಗೆ ಬಿದ್ದಿದ್ರೆ ಅಂಥೋರೇ ಊರಿಗೆ ಓಗಿ ಯಾರನ್ನಾದ್ರೂ ಕೇಳ್ತಿದ್ರೇನೋ. ಅದನ್ನ ತಪ್ಪಿಸೋಕೆ ನೀವ್ಯಾರು ಸಾ?"

"ಹಾಲು ನಿಂತಿದ್ರೆ?"

"ಕೇಳಿದ್ರೆ ನಿಲ್ಲೋ ಆಲು ಆಗಿದ್ರೆ, ಅದು ದಾನ ಅಲ್ಲ ಅಂತ ಅವತ್ತೇ ಗೊತ್ತಾಗ್ತಿತ್ತು. ಈಗ ಏಳೆಂಟು ವರ್ಸ ಆದ್ಮೇಲೆ ಗೊತ್ತಾಯ್ತು, ದೇಶಕ್ಕೆಲ್ಲ."

ಅವರು ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಅರಸೀಕೆರೆ ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ನಿನ್ನ ವರ್ಗಾವಣೆಗೆ ನಾನು ಬರೆಯಲಿಲ್ಲಮ್ಮ" ಎಂದರು. ಇದ್ದರೂ ಇರಬಹುದು. ಬರೆಯಬೇಡಿ ಎಂದೂ ಅವರು ಹೇಳಿರಲಿಲ್ಲ.

ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ಹಾಸನದಲ್ಲಿ ಬದಲಿಸಿದ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಇಸ್ತ್ರಿ ಷರಟಿನ ಇಬ್ಬರು ಆಫೀಸು ಕೆಲಸದವರು ಕೂತು ಮಾತಾಡುತ್ತಿದ್ದರು. ಚೀನಾದವರು ಬಾಂಬು ಮಾಡಿಕೊಂಡಿದ್ದಾರೆ, ನಾವೂ ಒಂದು ಮಾಡಿ ಸಿಡಿಸಬೇಕು, ಆಗ ಅಮೆರಿಕದವರೂ ಮರ್ಯಾದೆ ಕೊಡುತ್ತಾರೆ ಎನ್ನುತ್ತಿದ್ದ ಒಬ್ಬ. ಇನ್ನೊಬ್ಬ ತಲೆಯಾಡಿಸುತ್ತಿದ್ದ. ಈ ಸಲ ನಡುವೆ ಮಾತು ತಿರುಗಿಸುವವರು ಯಾರೂ ಇರಲಿಲ್ಲ.

ಅವನ ಭುಜ ತಟ್ಟಿ ಕೇಳಿದೆ. "ಎಲ್ಲಿ ಸಿಡಿಸ್ತೀಯಪ್ಪ? ಹಾಸನದ ಪೇಟೆ ಬೀದೀಲೋ, ನಮ್ಮ ಕೇರೀಲೋ?"

ಅವನು ತಿರುಗಿ ನನ್ನ ಬಿಳಿ ಸೀರೆ ನೋಡಿದ, ಮಡಿಲಲ್ಲಿದ್ದ ಹೆರಿಗೆ ಸಾಮಾನಿನ ಪೆಟ್ಟಿಗೆ ನೋಡಿದ. ಅರಕಲಗೂಡು ಬರುವವರೆಗೂ ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.